ಕೆರೆಗೋಡು ಹೊಲಕ್ಕೆ ಹೋಗುವ ಮೊದಲು

ಬೆಂಗಳೂರಿನ ವೃಷಭಾವತಿ ನದಿಯ ಮಾತು ಬಂದಾಗಲೆಲ್ಲ ನಾವು ಅದರ ನೊರೆ, ದುರ್ನಾತ, ಕಪ್ಪು ನೀರನ್ನು ಕುರಿತೇ ಮಾತನಾಡುತ್ತೇವೆ. ನನಗೆ ಅದಕ್ಕಿಂತ ಹೆಚ್ಚಿನ ಆತಂಕವಿರುವುದು ಆ ನೀರು ಬಿಡದಿ ಸಮೀಪದ ಬೈರಮಂಗಲ ಕೆರೆಯಲ್ಲಿ ದಶಕಗಳಿಂದ ಇಳಿಸುತ್ತ ಬಂದಿರುವ ಹೂಳಿನ ಬಗ್ಗೆ.

ಪೀಣ್ಯದಂಥ ಕೈಗಾರಿಕಾ ಪ್ರದೇಶಗಳ ಎಲೆಕ್ಟ್ರೋಪ್ಲೇಟಿಂಗ್ (ವಿದ್ಯುತ್ತಿನಿಂದ ಲೋಹದ ಲೇಪ ಕೊಡುವ) ಘಟಕಗಳಿಂದ ಸರಿಯಾಗಿ ಶುದ್ಧಗೊಳ್ಳದೆ ಹೊರಬೀಳುವ ಕ್ರೋಮಿಯಂ, ನಿಕಲ್, ಸತು, ತಾಮ್ರಗಳೆಲ್ಲ ನೀರಿನಲ್ಲಿ ಕರಗಿಕೊಂಡೇ ಅರ್ಕಾವತಿಗೂ ಅಲ್ಲಿಂದ ಕಾವೇರಿಗೂ ಹೋಗಿಬಿಡುವುದಿಲ್ಲ. ಜೇಡಿಯ ಸೂಕ್ಷ್ಮ ಕಣಗಳು, ಅವುಗಳ ಮೇಲಿನ ಕಬ್ಬಿಣ ಮತ್ತು ಮ್ಯಾಂಗನೀಸ್ ಆಕ್ಸೈಡುಗಳ ಲೇಪ, ಕೊಳೆತ ಸಾವಯವ ಪದಾರ್ಥ ಇವೆಲ್ಲ ಆ ಲೋಹಗಳನ್ನು ಹಿಡಿದಿಟ್ಟುಕೊಳ್ಳುತ್ತವೆ. ಏರಿಯ ಹಿಂದೆ ನೀರಿನ ಓಟ ನಿಂತಾಗ ಕಣದೊಂದಿಗೆ ಲೋಹವೂ ತಳ ಸೇರುತ್ತದೆ. ಆದ್ದರಿಂದ ಮೇಲಿನ ನೀರನ್ನಷ್ಟೇ ಬಾಟಲಿಯಲ್ಲಿ ತುಂಬಿ ಪ್ರಯೋಗಾಲಯಕ್ಕೆ ಕಳುಹಿಸಿದರೆ ಸಾಲದು.

ಮಣ್ಣಿನಲ್ಲಿ ಲೋಹ ಸಹಜವಾಗಿಯೇ ಇರುತ್ತದಲ್ಲ ಎಂಬ ಪ್ರಶ್ನೆ ನ್ಯಾಯವಾದದ್ದು. ಜೇಡಿ ಗಟ್ಟಿಯಾಗಿ ಆದ ಜೇಡಿಶಿಲೆಯಲ್ಲಿ ಸರಾಸರಿ ಕಿಲೋಗೆ 90 ಮಿಲಿಗ್ರಾಂ ಕ್ರೋಮಿಯಂ, 95 ಮಿಲಿಗ್ರಾಂ ಸತು, 20 ಮಿಲಿಗ್ರಾಂ ಸೀಸ ಇರುತ್ತವೆಂದು 1961ರಿಂದಲೂ ಬಳಕೆಯಲ್ಲಿರುವ ಲೆಕ್ಕ ಹೇಳುತ್ತದೆ. ಹಾಸನ ಜಿಲ್ಲೆಯ ನುಗ್ಗೇಹಳ್ಳಿ ಸೀಮೆಯ ಬಂಡೆಗಳಲ್ಲಿ ಕ್ರೋಮಿಯಂನ ಅದಿರಾದ ಕ್ರೋಮೈಟೇ ಇರುವುದರಿಂದ ಅಲ್ಲಿಯ ಮಣ್ಣಿನ ಕ್ರೋಮಿಯಂ ಕಂಡು ಕಾರ್ಖಾನೆಯನ್ನು ದೂರುವಂತಿಲ್ಲ. ಬೆಂಗಳೂರಿನ ಕೆಳಗಿರುವುದಾದರೋ ಸ್ಫಟಿಕಶಿಲೆ, ಫೆಲ್ಡ್‌ಸ್ಪಾರ್, ಅಭ್ರಕಗಳಿಂದಾದ ನೈಸ್ ಬಂಡೆ; ಇಲ್ಲಿ ಆ ಸಬೂಬು ನಡೆಯದು. ಕ್ರೋಮೈಟ್ ಹರಳಿನೊಳಗಿನ ಕ್ರೋಮಿಯಂ ಆಮ್ಲಕ್ಕೂ ಸುಲಭವಾಗಿ ಬಗ್ಗದು, ಕಣದ ಮೇಲ್ಮೈಗೆ ಅಂಟಿಕೊಂಡಿರುವ ಲೋಹ ಮಾತ್ರ ಸಣ್ಣ ಬದಲಾವಣೆಗೂ ಕಳಚಿಕೊಳ್ಳುತ್ತದೆ. ಹೀಗಾಗಿ ಹೂಳಿನಲ್ಲಿ ಯಾವ ಖನಿಜಗಳಿವೆ, ಲೋಹದ ಎಷ್ಟು ಪಾಲು ಯಾವುದಕ್ಕೆ ಅಂಟಿದೆ ಎಂಬುದನ್ನು ಹೇಳದ ವರದಿ ನನ್ನ ದೃಷ್ಟಿಯಲ್ಲಿ ಅರ್ಧ ವರದಿ. ಆ ಪಾಲುಗಳನ್ನು ಹಂತಹಂತವಾಗಿ ಬಿಡಿಸಿ ಅಳೆಯುವ ಕ್ರಮ 1979ರಿಂದಲೇ ಇದೆ.

ಬೇಸಿಗೆಯಲ್ಲಿ ಕೆರೆಗೋಡನ್ನು, ಅಂದರೆ ಕೆರೆಯ ಹೂಳನ್ನು, ಹೊಲಕ್ಕೆ ಹೊಡೆಯುವುದು ನಮ್ಮ ರೈತರ ಹಳೆಯ, ಒಳ್ಳೆಯ ಪದ್ಧತಿ. ಆದರೆ ಇಂಥ ಕೆರೆಯಲ್ಲಿ ಅದೇ ಅಪಾಯ. ಗಾಳಿಯಾಡದ ಕಪ್ಪು ಹೂಳಿನಲ್ಲಿ ಸತು, ತಾಮ್ರ, ಸೀಸ, ಕ್ಯಾಡ್ಮಿಯಂಗಳು ಗಂಧಕದೊಂದಿಗೆ ಸೇರಿ ಸಲ್ಫೈಡಾಗಿ ಬಹುಮಟ್ಟಿಗೆ ಕಟ್ಟುಬಿದ್ದಿರುತ್ತವೆ. ಅದನ್ನು ಎತ್ತಿ ಬಿಸಿಲಿಗೆ ಹರಡಿದಾಗ ಸಲ್ಫೈಡ್ ಗಾಳಿಯ ಆಮ್ಲಜನಕದೊಂದಿಗೆ ವರ್ತಿಸಿ, ಆಮ್ಲೀಯತೆ ಹೆಚ್ಚಿ, ಲೋಹ ಬಿಡುಗಡೆಯಾಗುತ್ತದೆ. ಕ್ಯಾಡ್ಮಿಯಂ ಅನ್ನು ಸೊಪ್ಪಿನ ಬೆಳೆಗಳು ಬೇಗ ಹೀರಿಕೊಳ್ಳುತ್ತವೆ. ಕುಡಿಯುವ ನೀರಿನಲ್ಲಿ ಲೀಟರಿಗೆ 0.003 ಮಿಲಿಗ್ರಾಂ ಮೀರಬಾರದೆಂದು ಕುಡಿಯುವ ನೀರಿನ ಭಾರತೀಯ ಮಾನಕವಾದ ಐಎಸ್ 10500 ಮಿತಿ ಹಾಕಿರುವ ಲೋಹ ಅದು. ಹೊಲಕ್ಕೆ ಹೋಗುವ ಹೂಳಿನ ಬಗ್ಗೆ ಆ ಮಾನಕದಲ್ಲಿ ಮಾತಿಲ್ಲ.

ಕೈಗಾರಿಕೆಗಳ ಕೆಳಗಿನ ಯಾವುದೇ ಕೆರೆಯ ಹೂಳೆತ್ತುವ ಟೆಂಡರ್ ಕರೆಯುವ ಮುನ್ನ ಮೇಲಿನಿಂದ ತಳದವರೆಗಿನ ಹೂಳಿನ ಮಾದರಿ ಪರೀಕ್ಷೆಯಾಗಲೇಬೇಕು, ಅದರ ಫಲಿತಾಂಶ ಕನ್ನಡದಲ್ಲಿ ಗ್ರಾಮ ಪಂಚಾಯಿತಿಯ ಫಲಕದ ಮೇಲೆ ಬರಬೇಕು. ವಿಷವಿದ್ದ ಹೂಳನ್ನು ಸುರಕ್ಷಿತವಾಗಿ ವಿಲೇವಾರಿ ಮಾಡುವ ಖರ್ಚನ್ನು ಲೋಹ ಹರಿಯಬಿಟ್ಟವರಿಂದಲೇ ವಸೂಲು ಮಾಡಬೇಕು; ಅದನ್ನು ಪಂಚಾಯಿತಿಯ ಅಥವಾ ರೈತನ ತಲೆಗೆ ಕಟ್ಟುವುದನ್ನು ನಾನು ಒಪ್ಪುವುದಿಲ್ಲ.