ಬಿ2 ಸಾಲದು, ಹಳೆಯ ಜರ್ಮನ್ನೂ ಬೇಕು

ಲೇಖನ ಚೆನ್ನಾಗಿದೆ ಸರ್, ಆದರೆ ಒಂದು ಮಾತು ದಾರಿ ತಪ್ಪಿಸುವಂತಿದೆ. ಜರ್ಮನಿಯಲ್ಲಿ ಜರ್ಮನ್ ಸಾಹಿತ್ಯದಲ್ಲಿ ಎಂ.ಎ. ಮಾಡಲು ಬಿ2 ಸರ್ಟಿಫಿಕೇಟ್ (ಎ1ರಿಂದ ಸಿ2ವರೆಗಿನ ಆರು ಭಾಷಾ ಹಂತಗಳಲ್ಲಿ ನಾಲ್ಕನೆಯದು) ಸಾಕು ಎಂದಿದ್ದೀರಿ. ಅಲ್ಲಿ ಸಾಮಾನ್ಯವಾಗಿ ಕೇಳುವುದು ಸಿ1, ಕೆಲವು ಕಡೆ ಸಿ2. ಟೆಸ್ಟ್‌ಡಾಫ್ ಎಂಬ ಜರ್ಮನ್ ಭಾಷಾ ಪರೀಕ್ಷೆ ಬರೆದರೆ ಅದರ ನಾಲ್ಕೂ ಭಾಗಗಳಲ್ಲಿ 4ನೇ ಹಂತ ಬರಬೇಕು ಅನ್ನುವ ವಿಶ್ವವಿದ್ಯಾಲಯಗಳೇ ಹೆಚ್ಚು.

ಭಾಷೆಗಿಂತ ದೊಡ್ಡ ತೊಡಕು ಬಿ.ಎ.ಯದ್ದು: ಅದೂ ಸಾಮಾನ್ಯವಾಗಿ ಜರ್ಮನಿಸ್ಟಿಕ್ ವಿಷಯದಲ್ಲೇ ಆಗಿರಬೇಕು. ಜರ್ಮನಿಸ್ಟಿಕ್ ಅಂದರೆ ಹೊಸ ಸಾಹಿತ್ಯ, ಭಾಷಾವಿಜ್ಞಾನ, ಜೊತೆಗೆ ಮಧ್ಯಯುಗದ ಸಾಹಿತ್ಯ. ಈ ಮೂರನೆಯದರಲ್ಲೇ ನಮ್ಮವರು ಮುಗ್ಗರಿಸುವುದು. ಸುಮಾರು 1050ರಿಂದ 1350ರವರೆಗಿನ ಜರ್ಮನ್ ಇವತ್ತಿನ ಜರ್ಮನ್ನರಿಗೂ ನೇರವಾಗಿ ಅರ್ಥವಾಗುವುದಿಲ್ಲ. ಹಳಗನ್ನಡ ಓದದೆ ಕನ್ನಡ ಎಂ.ಎ.ಗೆ ಹೋಗಿ ಕೂತಂತೆ! ಬರೀ ಸಂಜೆ ಕ್ಲಾಸಿನಲ್ಲಿ ಜರ್ಮನ್ ಕಲಿತ ಎಂಜಿನಿಯರ್‌ಗಳಿಗೆ ಇಲ್ಲೇ ಬಾಗಿಲು ಮುಚ್ಚುತ್ತದೆ. ವಿದೇಶೀಯರಿಗೆ ಜರ್ಮನ್ ಕಲಿಸುವ 'ಡಾಫ್' ಎಂ.ಎ. ಅಂಥವರಿಗೆ ಸ್ವಲ್ಪ ಹತ್ತಿರ ಬರಬಹುದು, ಅಲ್ಲೂ ನಿಯಮ ಓದಿಕೊಂಡೇ ಅರ್ಜಿ ಹಾಕಿ.

ಒಳಗೆ ಹೋದಮೇಲೆ ಸಾಮಾನ್ಯವಾಗಿ ನಾಲ್ಕು ಸೆಮಿಸ್ಟರ್, 120 ಕ್ರೆಡಿಟ್. ಒಂದು ಕ್ರೆಡಿಟ್ ಅಂದರೆ 25ರಿಂದ 30 ಗಂಟೆ ಕೆಲಸ. ಕೊನೆಯ ಸೆಮಿಸ್ಟರ್ ಬಹುಪಾಲು ಪ್ರಬಂಧಕ್ಕೇ ಹೋಗುತ್ತದೆ, ಅದೂ ಜರ್ಮನ್‌ನಲ್ಲೇ. ಸೆಮಿನಾರಿಗೊಂದು 'ಹೌಸ್‌ಆರ್ಬೈಟ್' ಎಂಬ ದೀರ್ಘ ಲೇಖನ ಬರೆಯುವಾಗಲೇ ಸಿ1 ಯಾಕೆ ಕೇಳಿದ್ದರು ಅಂತ ಗೊತ್ತಾಗುವುದು.

ಇನ್ನೊಂದು, 2022ರ ನವೆಂಬರ್‌ನಿಂದ ನಮ್ಮ ವಿದ್ಯಾರ್ಥಿಗಳ ವೀಸಾ ಅರ್ಜಿಗೆ, ಓದಿನ ದಾಖಲೆಗಳನ್ನು ಪರಿಶೀಲಿಸಿ ಕೊಡುವ ಎ.ಪಿ.ಎಸ್. ಪ್ರಮಾಣಪತ್ರ ಬೇಕು. 'ಓದು ಪೂರ್ತಿ ಉಚಿತ' ಅನ್ನುವುದೂ ಎಲ್ಲ ಕಡೆ ನಿಜವಲ್ಲ: ಹೈಡೆಲ್‌ಬರ್ಗ್, ಟ್ಯೂಬಿಂಗನ್ ಇರುವ ಬಾಡೆನ್-ವ್ಯುರ್ಟೆಂಬರ್ಗ್ ರಾಜ್ಯ 2017ರಲ್ಲಿ ಐರೋಪ್ಯ ಒಕ್ಕೂಟದ ಹೊರಗಿನವರಿಗೆ ಸೆಮಿಸ್ಟರಿಗೆ 1,500 ಯೂರೊ ಶುಲ್ಕ ಇಟ್ಟಿತು. ನಮ್ಮ ಕಿಟ್ಟೆಲ್‌ಗೆ ಗೌರವ ಡಾಕ್ಟರೇಟ್ ಕೊಟ್ಟ ಟ್ಯೂಬಿಂಗನ್ ಅದೇ.