ಒಂದು ಕಡ್ಡಿ ತಗೊಳ್ಲಾ?

"ಹಾಗಾದ್ರೆ ಬರ್ತೇವೆ" ಎಂದು ಎದ್ದ ನೆಂಟರು ನಿಜವಾಗಿ ಹೊರಡುವುದಕ್ಕೆ ನಮ್ಮಲ್ಲಿ ಇನ್ನೂ ಅರ್ಧ ಗಂಟೆ ಬೇಕು. ಜಗಲಿ ಇಳಿದು, ಚಪ್ಪಲಿ ಮೆಟ್ಟಿ, ಹೂಚಟ್ಟಿಗಳ ಮುಂದೆ ನಿಂತರೆಂದರೆ ಹೊಸದೊಂದು ಭೇಟಿ ಶುರುವಾಯಿತೆಂದೇ ಲೆಕ್ಕ. ಮೊನ್ನೆ ಭಾನುವಾರವೂ ಹಾಗೇ. ದೂರದ ಸಂಬಂಧದ ಅಕ್ಕ ಒಬ್ಬರು ಯಾರದೋ ಮದುವೆ ವಿಷಯ ಮಾತಾಡುತ್ತಾ ನನ್ನ ಜೆರೇನಿಯಂ ತುದಿಗೆ ಕೈಹಾಕಿ ಚಟ್ಟನೆ ಮುರಿದರು. ಮುರಿದ ಮೇಲೆ, "ಒಂದು ಕಡ್ಡಿ ತಗೊಳ್ಲಾ?" ಎಂದು ಕೇಳಿದರು. ಕೈಯಲ್ಲಿ ಹಿಡಿದುಕೊಂಡು ಕೇಳಿದರೆ ಏನಂತ ಹೇಳುವುದು? "ಅಯ್ಯೋ, ಅದಕ್ಕೇನು, ಇನ್ನೊಂದು ತಗೊಳ್ಳಿ" ಎಂದೆ. ಇನ್ನೊಂದು ತಗೊಂಡರು.

ಕಡ್ಡಿ ಕೇಳಿದರೆಂದು ಕೊಡಗಿನವರು ಮುನಿಯಬಾರದು, ಒಪ್ಪಿದೆ. ಈ ಜಿಲ್ಲೆ ಬದುಕಿರುವುದೇ ಕಡ್ಡಿಯಿಂದ. ಕಾಳುಮೆಣಸಿನ ಬುಡದಲ್ಲಿ ಹರಿಯುವ ಹಂಬನ್ನು ಫೆಬ್ರವರಿ, ಮಾರ್ಚ್‌ನಲ್ಲಿ ಎರಡು ಮೂರು ಗೆಣ್ಣಿಗೆ ಕತ್ತರಿಸಿ ಮಣ್ಣು ತುಂಬಿದ ಪ್ಲಾಸ್ಟಿಕ್ ತೊಟ್ಟೆಗೆ ಹಾಕುತ್ತೇವೆ. ಮುಂಗಾರು ಹಿಡಿಯುವಾಗ ಊರಿದ ಹಾಲುವಾಣದ ಗೂಟ ಚಿಗುರಿ ಕಾಫಿಗೆ ನೆರಳಾಗುತ್ತದೆ. ಮೆಣಸಿನ ಕಡ್ಡಿಗಂತೂ ತಾನು ಬಳ್ಳಿಯ ಯಾವ ಭಾಗದಿಂದ ಬಂದೆನೆಂಬ ನೆನಪು ಬಲು ಗಟ್ಟಿ. ಹಂಬು ನೆಟ್ಟರೆ ಮರ ಹತ್ತುತ್ತದೆ; ಕಾಯಿ ಬಿಡುವ ಅಡ್ಡರೆಂಬೆ ನೆಟ್ಟರೆ ಹತ್ತುವ ಯೋಚನೆಯನ್ನೇ ಬಿಟ್ಟು ಚಟ್ಟಿಯಲ್ಲಿ ಪೊದೆಯಾಗಿ ಕೂತು ಅಲ್ಲೇ ಕಾಯಿ ಬಿಡುತ್ತದೆ. ನಮ್ಮ ಕುಟುಂಬದಲ್ಲೂ ಅಡ್ಡರೆಂಬೆಯವರಿದ್ದಾರೆ, ಹೆಸರು ಬೇಡ.

ನನ್ನ ತಕರಾರು ಕೇಳುವವರ ಮೇಲಲ್ಲ, ತಿಳಿಯದೆ ಕೀಳುವವರ ಮೇಲೆ. ಮನಿಪ್ಲಾಂಟ್ ಕದ್ದು ತಂದರೇ ದುಡ್ಡು ಬರುವುದೆಂದು ಯಾರೋ ಹೇಳಿಬಿಟ್ಟಿದ್ದಾರೆ. ಸರಿ, ಕದಿಯಿರಿ. ಆದರೆ ಗೆಣ್ಣು ನೋಡಿ ಕದಿಯಬೇಡವೇ? ಬರೀ ಎಲೆಯನ್ನು ತೊಟ್ಟಿನ ಸಮೇತ ಕಿತ್ತು ಒಯ್ದು ಗಾಜಿನ ಲೋಟದಲ್ಲಿ ಇಡುತ್ತಾರೆ. ಅದು ತಿಂಗಳುಗಟ್ಟಲೆ ಹಸಿರಾಗಿಯೇ ಇರುತ್ತದೆ, ಕೆಲವೊಮ್ಮೆ ಬೇರನ್ನೂ ಬಿಡುತ್ತದೆ, ಚಿಗುರುವುದು ಮಾತ್ರ ಇಲ್ಲ. ಆಮೇಲೆ ಫೋನ್ ಬರುತ್ತದೆ: "ನಿಮ್ಮ ಮನೆಯದ್ದು ಯಾಕೋ ಬರ್ಲೇ ಇಲ್ಲ." ಕಳ್ಳ ಬಂದು ಮಾಲು ಸರಿಯಿಲ್ಲವೆಂದು ದೂರುವುದು ಗಿಡಗಳ ಲೋಕದಲ್ಲಿ ಮಾತ್ರ.

ಕಡ್ಡಿ ಕೊಡುವುದು, ಪಡೆಯುವುದು, ಇದರ ಹಿಂದೆ ದೊಡ್ಡ ತತ್ವವೊಂದು ಅಡಗಿದೆಯೆಂದು ನನಗೆ ಬಹಳ ದಿನದಿಂದ ಅನ್ನಿಸಿದೆ. ಅದಕ್ಕೆ ಬರುತ್ತೇನೆ. ಮೊದಲು ಚಿಕ್ಕಮ್ಮನ ಹೈಡ್ರೇಂಜಿಯ ಮುಗಿಸಿಬಿಡೋಣ.

ಚಿಕ್ಕಮ್ಮನ ಮನೆ ಸೋಮವಾರಪೇಟೆ ಕಡೆ. ಬೇಲಿಯಾಚೆ ಟೀಚರ ಮನೆ. ಟೀಚರ ಅಂಗಳದಲ್ಲಿ ಗುಲಾಬಿ ಬಣ್ಣದ ಹೈಡ್ರೇಂಜಿಯ, ಒಂದೊಂದು ಗೊಂಚಲೂ ಎರಡು ಕೈ ಸೇರಿಸಿದರೂ ಹಿಡಿಯದಷ್ಟು ದೊಡ್ಡದು. ಚಿಕ್ಕಮ್ಮ ಮರ್ಯಾದೆಯಿಂದ ಕೇಳಿ ತಂದರು, ಮಳೆಗಾಲದಲ್ಲಿ ನೆಟ್ಟರು, ಬೇರು ಬಂತು, ಮುಂದೆ ಹೂವೂ ಬಂತು. ನೀಲಿ.

"ಟೀಚರೇ, ಕೊಡ್ಲಿಕ್ಕೆ ಮನಸ್ಸಿಲ್ಲದಿದ್ರೆ ಇಲ್ಲ ಅನ್ಬಹುದಿತ್ತು."

"ನಮ್ಮಲ್ಲಿ ನೀಲಿ ಗಿಡವೇ ಇಲ್ವಲ್ಲ, ಎಲ್ಲಿಂದ ತಂದು ಕೊಡ್ಲಿ?"

"ಅದು ನಿಮಗೇ ಗೊತ್ತು."

ಚಿಕ್ಕಪ್ಪ ಕಾರಣವನ್ನು ಅಂದೇ ಹೇಳಿದ್ದರು. ಟೀಚರ ಗಂಡ ಮಳೆಗೆ ಮುಂಚೆ ಮೆಣಸಿಗೆ ಹೊಡೆಯುವ ಬೋರ್ಡೋ ದ್ರಾವಣ ಕಲಸುತ್ತಿದ್ದದ್ದು ಆ ಗಿಡದ ಪಕ್ಕದಲ್ಲೇ. ಮೈಲುತುತ್ತಕ್ಕೆ ಸುಣ್ಣ ಸೋಸಿ ಉಳಿದ ಗಸಿಯೆಲ್ಲ ಅದರ ಬುಡಕ್ಕೆ. ನಮ್ಮ ಕಡೆಯ ಮಣ್ಣು ಹುಳಿ. ಹುಳಿಮಣ್ಣಿನಲ್ಲಿ ಅಲ್ಯೂಮಿನಿಯಂ ಕರಗಿ ಗಿಡಕ್ಕೆ ಸಿಕ್ಕಿ ಹೂ ನೀಲಿಯಾಗುತ್ತದೆ, ಸುಣ್ಣ ಬಿದ್ದಲ್ಲಿ ಅದು ಸಿಗದೆ ಗುಲಾಬಿಯಾಗುತ್ತದೆ. ತೋಟಕ್ಕೆ ಸುಣ್ಣ ಹಾಕಿಸುವ ಮನುಷ್ಯನಿಗೆ ಇಷ್ಟು ಗೊತ್ತಿರದೆ? ಚಿಕ್ಕಮ್ಮ ಎಲ್ಲವನ್ನೂ ಕೇಳಿ, "ಮಣ್ಣಿಗೆ ಬಣ್ಣ ಬದಲಾಗೋದಾದ್ರೆ, ಮದುವೆಯಾಗಿ ನಾನು ಈ ಮಣ್ಣಿಗೆ ಬಂದು ಎಷ್ಟು ವರ್ಷ ಆಯ್ತು? ನನ್ನ ಬಣ್ಣ ಯಾಕೆ ಹಾಗೇ ಇದೆ?" ಎಂದರು. ಚಿಕ್ಕಪ್ಪ ಪೇಪರ್ ಎತ್ತಿಕೊಂಡರು.

ಟೀಚರ ಮನೆಯಿಂದ ಕಣಿಲೆ ಪಲ್ಯ ತುಂಬಿ ಬಂದಿದ್ದ ಸ್ಟೀಲ್ ಡಬ್ಬಿ ತೊಳೆದು, ಒರೆಸಿ, ಖಾಲಿಯಾಗಿ ವಾಪಸು ಹೋಯಿತು. ಇದಕ್ಕಿಂತ ದೊಡ್ಡ ಬೈಗುಳವಿಲ್ಲ. ಏನೂ ಇಲ್ಲದಿದ್ದರೆ ಒಂದು ಚಮಚ ಸಕ್ಕರೆಯಾದರೂ ಹಾಕಿ ಕಳಿಸುವುದು ಪದ್ಧತಿ. ಮುಂದಿನ ಮಳೆಗೆ ಟೀಚರೇ ಸೋತು, ಚಿಕ್ಕಮ್ಮನ ಕಣ್ಣೆದುರೇ ಇನ್ನೊಂದು ಕಡ್ಡಿ ಮುರಿದು, ಅದೇ ಬುಡದ ಒಂದು ಬುಟ್ಟಿ ಮಣ್ಣನ್ನೂ ಜೊತೆಗೆ ಕೊಟ್ಟರು. ಆ ಗಿಡದ ಹೂ ಅತ್ತ ನೀಲಿಯಲ್ಲ, ಇತ್ತ ಗುಲಾಬಿಯಲ್ಲ, ಒಂಥರಾ ನೇರಳೆ. ಇಬ್ಬರೂ ತಾವೇ ಗೆದ್ದೆವೆಂದುಕೊಂಡರು. ಕ್ರಮೇಣ ಮಳೆಗೆ ಸುಣ್ಣ ತೊಳೆದುಹೋಗಿ ಅದೂ ನೀಲಿಯಾಯಿತು. ಅಷ್ಟರಲ್ಲಿ ಜಗಳ ಟೀಚರ ಬೆಕ್ಕಿನ ಕಡೆ ತಿರುಗಿದ್ದರಿಂದ ಹೂ ನೋಡಲು ಯಾರಿಗೂ ಪುರುಸೊತ್ತಿರಲಿಲ್ಲ.

ಈಗಿನ ಹುಚ್ಚು ಸಕ್ಯುಲೆಂಟ್, ಅಂದರೆ ದಪ್ಪ ಎಲೆಯಲ್ಲಿ ನೀರು ಕೂಡಿಟ್ಟುಕೊಳ್ಳುವ ಗಿಡ. ವರ್ಷಕ್ಕೆ 3,000 ಮಿಲಿಮೀಟರ್ ದಾಟಿ ಮಳೆ ಸುರಿಯುವ ಮಡಿಕೇರಿಯಲ್ಲಿ ಮೆಕ್ಸಿಕೋದ ಎಚೆವೇರಿಯ ಸಾಕುವುದೆಂದರೆ! ಮಗಳು ಬೆಂಗಳೂರಿಂದ ತಂದಳು. ಎಲೆಯನ್ನು ಬುಡಸಮೇತ ತಿರುಚಿ ಬಿಡಿಸಬೇಕಂತೆ, ಗಾಯ ಒಣಗುವ ತನಕ ಕೆಲವು ದಿನ ಮಣ್ಣು ತೋರಿಸಬಾರದಂತೆ, ಇಲ್ಲವಾದರೆ ಕೊಳೆಯುತ್ತದಂತೆ. ಜಡಿಮಳೆಯ ಕಕ್ಕಡ ತಿಂಗಳಲ್ಲಿ ಇಲ್ಲಿ ಪ್ಯಾಂಟೇ ಒಣಗುವುದಿಲ್ಲ, ಎಲೆಯ ಗಾಯ ಒಣಗೀತೇ? ಕೊನೆಗೆ ಒಲೆಯ ಮೇಲಿನ ಅಟ್ಟದಲ್ಲಿ, ಒಣಮೀನಿಗೂ ನನ್ನ ಕಾಲುಚೀಲಕ್ಕೂ ನಡುವೆ, ಪೇಪರ್ ಹಾಸಿ ಮಲಗಿಸಿದಳು. ಒಂದು ದಿನ ಕಾಲುಚೀಲ ತೆಗೆಯಲು ಹೋದಾಗ ಕಂಡಿತು: ಎಲೆ ಸುಕ್ಕಾಗಿ ಬಾಡುತ್ತಿದೆ, ಅದರ ಬುಡದಲ್ಲಿ ನೂಲಿನಂಥ ತೆಳುಗೆಂಪು ಬೇರುಗಳು, ಅವುಗಳ ನಡುವೆ ಸಾಸಿವೆಯಷ್ಟು ದೊಡ್ಡ ಇಡೀ ಗಿಡ. ಚೆನ್ನಾಗಿಯೇ ಇತ್ತು. ಕಾಲುಚೀಲ ಮಾತ್ರ ಇನ್ನೂ ಒದ್ದೆ.

ಇಷ್ಟೆಲ್ಲ ಉಪಚಾರ ನಡೆಯುವಾಗ ಹೊರಗೆ ಕಲ್ಲುಗೋಡೆಯ ಮೇಲೆ ಕಾಡುಬಸಳೆ ತನ್ನ ಪಾಡಿಗೆ ಸಂಸಾರ ನಡೆಸುತ್ತಿರುತ್ತದೆ. ಅದೂ ಸಕ್ಯುಲೆಂಟೇ. ಬಿದ್ದ ಎಲೆಯ ಅಂಚಿನ ಕಚ್ಚುಕಚ್ಚಿನಲ್ಲೂ ಒಂದೊಂದು ಮರಿ. ಅದರ ಕಡ್ಡಿಯನ್ನು ಮಾತ್ರ ಯಾರೂ ಕೇಳುವುದಿಲ್ಲ. ಕಿಡ್ನಿಯಲ್ಲಿ ಕಲ್ಲಿದ್ದವರು ಬಂದು ಎಲೆ ಕಿತ್ತು ಅಲ್ಲೇ ಅಗಿಯುತ್ತಾರೆ. ಬೆಳಿಗ್ಗೆ ಬಂದವರು ಹುಳಿಯೆಂದು ಮುಖ ಕಿವುಚುತ್ತಾರೆ, ಸಂಜೆ ಬಂದವರು ಸಪ್ಪೆ ಎನ್ನುತ್ತಾರೆ. ಎರಡೂ ನಿಜ, ರಾತ್ರಿ ಕೂಡಿಟ್ಟ ಹುಳಿಯನ್ನು ಆ ಎಲೆ ಹಗಲಲ್ಲಿ ಖರ್ಚು ಮಾಡುತ್ತದೆ. ಒಯ್ದು ಮನೆಯಲ್ಲೇ ನೆಡಿ ಮಾರಾಯ್ರೇ, ಬುಟ್ಟಿಗಟ್ಟಲೆ ಕೊಡುತ್ತೇನೆ ಎಂದರೆ, "ನಿಮ್ಮಲ್ಲೇ ಇದೆಯಲ್ಲ, ಬೇಕಾದಾಗ ಬರ್ತೇವೆ" ಎನ್ನುತ್ತಾರೆ.