ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್, ಮುನ್ನೂರು ಡಾಲರಿನ ಅಂದಾಜು

ನಮ್ಮ ಬೀದಿಗೆ ತಿಂಗಳಿಗೆ ಎರಡು ಗುರುವಾರ ಕಸ ಗುಡಿಸುವ ಲಾರಿ ಬರುತ್ತದೆ. ಆ ಹೊತ್ತಿನಲ್ಲಿ ರಸ್ತೆಯ ಬದಿಗೆ ಕಾರು ನಿಂತಿದ್ದರೆ ಗಾಜಿಗೆ ದಂಡದ ಚೀಟಿ ಅಂಟಿತೆಂದೇ ಲೆಕ್ಕ. ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಪೂರ್ವ ದಂಡೆಯ ಈ ಊರಿಗೆ ಬಂದು ಹನ್ನೆರಡು ವರ್ಷವಾಯಿತು; ಅಂಥ ಚೀಟಿಗಳನ್ನು ನಾನು ಧಾರಾಳವಾಗಿ ಸಂಪಾದಿಸಿದ್ದೇನೆ. ತಪ್ಪು ನನ್ನದಾದರೆ ದಂಡ ಕಟ್ಟಲು ತಕರಾರಿಲ್ಲ. ಆದರೆ ಕೆಲವು ಗುರುವಾರ ಚೀಟಿ ಬರೆಯುವವರು ಬಂದು ಹೋಗಿರುತ್ತಾರೆ, ತರಗೆಲೆ ಮಾತ್ರ ಬಿದ್ದಲ್ಲೇ ಬಿದ್ದಿರುತ್ತದೆ. ಲಾರಿ ಬಾರದ ದಿನವೂ ದಂಡ ಹಾಕುತ್ತಿದ್ದಾರೆಯೇ ಎಂಬ ಗುಮಾನಿ ಹುಟ್ಟಿ, ಮೂರು ವರ್ಷಗಳ ದಂಡದ ಪಟ್ಟಿಯನ್ನೂ ಲಾರಿಯ ದಿನವಹಿಯನ್ನೂ ಕೊಡಿ ಎಂದು ನಗರಾಡಳಿತಕ್ಕೆ ಬರೆದೆ.

ಅರ್ಜಿಗೆ ಕಾಸು ಬೇಕಿರಲಿಲ್ಲ. ಕ್ಯಾಲಿಫೋರ್ನಿಯಾದ ಸಾರ್ವಜನಿಕ ದಾಖಲೆಗಳ ಕಾಯ್ದೆ 1968ರಷ್ಟು ಹಳೆಯದು. ನೀವು ಯಾರು, ಯಾತಕ್ಕೆ ಕೇಳುತ್ತೀರಿ ಎಂದು ಹೇಳುವ ಅಗತ್ಯವಿಲ್ಲ, ಈ ದೇಶದ ಪ್ರಜೆಯಾಗಿರಲೂ ಬೇಕಿಲ್ಲ. ಕೊಡುತ್ತೇವೆಯೋ ಇಲ್ಲವೋ ಎಂಬುದನ್ನು 10 ದಿನದೊಳಗೆ ತಿಳಿಸಬೇಕು. ವಿಶೇಷ ಕಾರಣವಿದ್ದರೆ ಇನ್ನೂ 14 ದಿನ ತೆಗೆದುಕೊಳ್ಳಬಹುದು. ಹತ್ತನೆಯ ದಿನ ಸಂಜೆ ಇಮೇಲ್ ಬಂತು: ಇನ್ನೂ 14 ದಿನ ಬೇಕು. ಅದೂ ಕಳೆದ ಮೇಲೆ ಬಂದದ್ದು ಅಂದಾಜು ಪಟ್ಟಿ. ಕಂಪ್ಯೂಟರಿನಿಂದ ದತ್ತಾಂಶ ತೆಗೆಯಲು ನಾಲ್ಕು ಗಂಟೆಯ ಕೆಲಸ, ಗಂಟೆಗೆ 78 ಡಾಲರ್, ಒಟ್ಟು 312 ಡಾಲರ್. ಹಣ ಬಂದ ಮೇಲೆ ಕೆಲಸ ಶುರು.

ನಾನು ಕಟ್ಟಿದ್ದ ದಂಡಗಳ ಮೊತ್ತವೂ ಹೆಚ್ಚುಕಡಿಮೆ ಅಷ್ಟೇ ಇತ್ತು ಎಂಬುದನ್ನು ಇಲ್ಲಿ ಹೇಳದೆ ಇರಲಾರೆ.

ಈ ಬಿಲ್ಲಿಗೆ ಕಾನೂನಿನಲ್ಲಿ ಆಧಾರವಿದೆ. ಪ್ರತಿ ಮಾಡುವ ನೇರ ಖರ್ಚನ್ನು ಮಾತ್ರ ಕೇಳಬೇಕು ಎನ್ನುವುದು ಮೂಲ ನಿಯಮ. ಆದರೆ ದತ್ತಾಂಶವನ್ನು ಹೊಸದಾಗಿ ಜೋಡಿಸಬೇಕಾದರೆ, ಹೊರತೆಗೆಯಬೇಕಾದರೆ, ಪ್ರೋಗ್ರಾಂ ಬರೆಯಬೇಕಾದರೆ ಆ ಖರ್ಚನ್ನೂ ಕೇಳಬಹುದು. ಇದರಲ್ಲಿ ‘ಹೊರತೆಗೆಯುವುದು’ ಎಂಬ ಒಂದು ಪದಕ್ಕಾಗಿ ಪಕ್ಕದ ಹೇವರ್ಡ್ ನಗರದ ಮೊಕದ್ದಮೆಯೊಂದು ರಾಜ್ಯದ ಸುಪ್ರೀಂ ಕೋರ್ಟಿನವರೆಗೂ ಹೋಯಿತು. 2014ರ ಡಿಸೆಂಬರಿನಲ್ಲಿ ಬರ್ಕಲಿಯ ಪ್ರತಿಭಟನೆಗಳಿಗೆ ಹೇವರ್ಡ್ ಪೊಲೀಸರೂ ಹೋಗಿದ್ದರು. ಅವರ ಮೈಮೇಲಿದ್ದ ಕ್ಯಾಮೆರಾಗಳ ವಿಡಿಯೊಗಳನ್ನು ನ್ಯಾಷನಲ್ ಲಾಯರ್ಸ್ ಗಿಲ್ಡ್ ಎಂಬ ವಕೀಲರ ಸಂಘ ಕೇಳಿತು. ಬಹಿರಂಗಪಡಿಸಬಾರದ ಭಾಗಗಳನ್ನು ಅಳಿಸಲು ಸಿಬ್ಬಂದಿಗೆ ಹಿಡಿದ ಹೊತ್ತಿಗೆ ನಗರ ಬಿಲ್ಲು ಹಾಕಿತು: 3,000 ಡಾಲರಿಗೂ ಮೇಲೆ. ಕೊಡುವುದಕ್ಕೆಂದು ಹೊರತೆಗೆಯುವುದು ಬೇರೆ, ಕೊಡದಿರುವುದಕ್ಕೆಂದು ಕತ್ತರಿಸುವುದು ಬೇರೆ, ಎರಡನೆಯದರ ಕೂಲಿಯನ್ನು ಕೇಳಿದವರ ಮೇಲೆ ಹೇರುವಂತಿಲ್ಲ ಎಂಬುದು 2020ರ ಮೇ ತಿಂಗಳಲ್ಲಿ ಬಂದ ತೀರ್ಪಿನ ಸಾರ.

ಅದನ್ನು ಓದಿದ ಮೇಲೆ ನನ್ನ ಪತ್ರವನ್ನೂ ತಿದ್ದಿ ಬರೆದೆ. ವಾಹನ ಸಂಖ್ಯೆ ಬೇಡ, ಹೆಸರು ಬೇಡ, ನಿಮ್ಮಲ್ಲಿರುವ ಪಟ್ಟಿಯಲ್ಲಿ ದಿನಾಂಕ, ಹೊತ್ತು, ಬೀದಿಯ ಹೆಸರು ಇದ್ದರೆ ಸಾಕು, ನೀವು ಏನನ್ನೂ ಜೋಡಿಸಬೇಕಿಲ್ಲ ಎಂದೆ. ಮೂರನೆಯ ದಿನ ಒಂದು ಎಕ್ಸೆಲ್ ಕಡತ ಬಂತು. ಬಿಲ್ಲು ಸೊನ್ನೆ. ಕಚೇರಿಯವರಿಗೆ ಕೆಟ್ಟ ಉದ್ದೇಶವಿತ್ತು ಎನ್ನಲಾರೆ. ಆದರೆ ಆ ಮೂರು ಸಾಲು ಬರೆಯುವ ಬುದ್ಧಿ ಹೊಳೆಯದವನು ಒಂದೋ 312 ಡಾಲರ್ ಕಟ್ಟುತ್ತಾನೆ, ಇಲ್ಲವೇ ಸುಮ್ಮನಾಗುತ್ತಾನೆ. ಹೆಚ್ಚಿನವರು ಸುಮ್ಮನಾಗುತ್ತಾರೆ.

ಈ ಕಥೆಯನ್ನು ಊರಿನಲ್ಲಿರುವ ಚಿಕ್ಕಪ್ಪನಿಗೆ ಫೋನಿನಲ್ಲಿ ಹೇಳಿದೆ. ಅವರು ನಕ್ಕರು. “ಅಷ್ಟು ದುಡ್ಡಿಗೆ ನಾನು ಇಡೀ ನಗರಸಭೆಯನ್ನೇ ಜೆರಾಕ್ಸ್ ಮಾಡಿಸುತ್ತಿದ್ದೆನಲ್ಲೋ!”

ಚಿಕ್ಕಪ್ಪ ನಿವೃತ್ತ ಮೇಷ್ಟರು. ತಮ್ಮ ರಸ್ತೆಯ ಚರಂಡಿಗೆ ಎರಡು ಬಾರಿ ಬಿಲ್ಲು ಆಗಿದೆ ಎಂಬ ಅನುಮಾನ ಅವರದು. ನಗರಸಭೆಗೆ ಹಾಕುವ ಮಾಹಿತಿ ಹಕ್ಕಿನ ಅರ್ಜಿಯ ಶುಲ್ಕಕ್ಕೆಂದು ಅಂಚೆ ಕಚೇರಿಯ ಸಾಲಿನಲ್ಲಿ ನಿಂತು 10 ರೂಪಾಯಿಯ ಪೋಸ್ಟಲ್ ಆರ್ಡರ್ ಕೊಂಡರು, ಅದರ ಸಂಖ್ಯೆಯನ್ನು ಅರ್ಜಿಯಲ್ಲಿ ಕೆಂಪು ಶಾಯಿಯಲ್ಲಿ ಬರೆದರು, ಟಪಾಲು ವಿಭಾಗದಲ್ಲಿ ಸೀಲು ಹಾಕಿಸಿಕೊಂಡರು. ಕರ್ನಾಟಕದ ನಿಯಮದಂತೆ ಅರ್ಜಿಗೆ ಒಂದೇ ವಿಷಯ, ಸಾಮಾನ್ಯವಾಗಿ 150 ಪದದ ಮಿತಿ. ಪದ ಎಣಿಸಿ ಬರೆಯುವುದು ಅವರಿಗೆ ಪ್ರಬಂಧ ತಿದ್ದಿದಷ್ಟೇ ಸಲೀಸು. ಉತ್ತರದ ಗಡುವಾದ 30 ದಿನ ಕಳೆಯಿತು, ಸದ್ದಿಲ್ಲ. 41ನೆಯ ದಿನ ಹಿಂಬರಹ ಬಂತು: ತಾವು ಕೋರಿರುವ ಮಾಹಿತಿ 2,140 ಪುಟಗಳಿದ್ದು, ಪುಟಕ್ಕೆ 2 ರೂಪಾಯಿಯಂತೆ 4,280 ರೂಪಾಯಿ ಪಾವತಿಸತಕ್ಕದ್ದು. ಕೇಳಿದ್ದು ಒಂದು ಚರಂಡಿ. ಅದೂ ಕಂಪ್ಯೂಟರಿನಲ್ಲಿರುವ ಲೆಕ್ಕ.

ಆದರೆ ಚಿಕ್ಕಪ್ಪನ ಕೈಯಲ್ಲಿ ನನ್ನಲ್ಲಿಲ್ಲದ ಒಂದು ಆಯುಧವಿತ್ತು. 2005ರ ಮಾಹಿತಿ ಹಕ್ಕು ಕಾಯ್ದೆಯ 7(6)ನೆಯ ಕಲಮು: ಅವಧಿ ಮೀರಿದರೆ ಮಾಹಿತಿಯನ್ನು ಪುಕ್ಕಟೆ ಕೊಡಬೇಕು. ಅದನ್ನು ಬರೆದು, ದಿನಕ್ಕೆ 250ರಂತೆ 25,000 ರೂಪಾಯಿಯವರೆಗೆ ಅಧಿಕಾರಿಯ ಸ್ವಂತ ಜೇಬಿನಿಂದಲೇ ವಸೂಲಾಗುವ 20ನೆಯ ಕಲಮನ್ನೂ ಮರೆಯದೆ ನೆನಪಿಸಿದರು. ಒಂದು ವಾರದಲ್ಲಿ ಕರೆ ಬಂತು. ಹೋಗಿ ಕಡತ ನೋಡಿ, ಬೇಕಾದ 14 ಪುಟ ಹಿಡಿದು ಬಂದರು. 2,140 ಪುಟ ಎಲ್ಲಿ ಕರಗಿತೋ ದೇವರೇ ಬಲ್ಲ.

ನಾನಿರುವ ಕಡೆ ತಡಮಾಡಿದ ಕಚೇರಿಗೆ ಅಂಥ ನೇರ ದಂಡವಿಲ್ಲ. ಮೇಲ್ಮನವಿ ಕೇಳುವ ಮಾಹಿತಿ ಆಯೋಗವೂ ಇಲ್ಲ, ಕೋರ್ಟಿಗೇ ಹೋಗಬೇಕು. ಗೆದ್ದರೆ ವಕೀಲರ ಖರ್ಚನ್ನು ಕಚೇರಿ ತೆರಬೇಕು ಎನ್ನುವುದೊಂದೇ ಧೈರ್ಯ. ಒಂದು ಬೀದಿಯ ಚೀಟಿಗಾಗಿ ಯಾವ ಮನುಷ್ಯ ಕೋರ್ಟಿನ ಮೆಟ್ಟಿಲು ಹತ್ತುತ್ತಾನೆ? ಹಾಗೆಂದು ಊರಿನ ಪದ್ಧತಿಯನ್ನೇ ಹೊಗಳಲಾರೆ. ಅಲ್ಲಿ ಶುಲ್ಕ ಸಣ್ಣದು, ಶುಲ್ಕ ಕಟ್ಟುವ ಓಡಾಟ ದೊಡ್ಡದು. ಹೊರದೇಶದಲ್ಲಿರುವ ಭಾರತೀಯರಿಗೆಂದು 2013ರಲ್ಲಿ ಬಂದ ಇ-ಪೋಸ್ಟಲ್ ಆರ್ಡರ್ ಕೇಂದ್ರ ಸರ್ಕಾರದ ಕಚೇರಿಗಳಿಗೆ ಮಾತ್ರ. ನಗರಸಭೆಗೆ ಅದು ನಡೆಯುವುದಿಲ್ಲ. ನಾಳೆ ನಾನು ಈ ದೇಶದ ಪಾಸ್‌ಪೋರ್ಟ್ ತೆಗೆದುಕೊಂಡರೆ, ನಮ್ಮ ಅಜ್ಜನ ಮನೆಯ ಮುಂದಿನ ಚರಂಡಿಯ ಬಗ್ಗೆ ಕೇಳುವ ಹಕ್ಕೂ ಹೋಗುತ್ತದೆ, ಏಕೆಂದರೆ ಅದು ಪ್ರಜೆಗಳಿಗೆ ಮಾತ್ರ ಇರುವ ಹಕ್ಕು.

ಮೊತ್ತದ ಬಗ್ಗೆ ಭಾರತದಲ್ಲೂ ಜಗಳ ನಡೆದಿದೆ. ಅಲಹಾಬಾದ್ ಹೈಕೋರ್ಟು ಅರ್ಜಿಗೆ 500 ರೂಪಾಯಿ ಇಟ್ಟಿದ್ದಾಗ, ಸಾಮಾನ್ಯವಾಗಿ ಅರ್ಜಿಗೆ 50, ಪುಟಕ್ಕೆ 5 ರೂಪಾಯಿ ಮೀರಬಾರದು ಎಂದು 2018ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ನನಗೆ ಅದಕ್ಕಿಂತ ದೊಡ್ಡ ಪ್ರಶ್ನೆ, ಹಣ ಯಾವುದಕ್ಕೆ ಎಂಬುದು. ಕಾಗದಕ್ಕೆ, ಶಾಯಿಗೆ ಸಂತೋಷದಿಂದ ಕೊಡುತ್ತೇನೆ. ಕಚೇರಿ ತನ್ನ ಲೆಕ್ಕವನ್ನು ತನಗೇ ಸಿಗದಂತೆ ಇಟ್ಟುಕೊಂಡು, ಹುಡುಕಿದ ಕೂಲಿಯನ್ನು ನನ್ನಿಂದ ಕೇಳುವುದು ಯಾವ ನ್ಯಾಯ? ತಡವಾದರೆ ಪುಕ್ಕಟೆ ಎಂಬ ನಮ್ಮವರ ಕಲಮನ್ನು ಇಲ್ಲಿಗೂ, ಎಕ್ಸೆಲ್ ಕಡತವನ್ನು ಎಕ್ಸೆಲ್ ಆಗಿಯೇ ಇಮೇಲಿನಲ್ಲಿ ಕಳಿಸುವ ಇಲ್ಲಿನ ರೂಢಿಯನ್ನು ಅಲ್ಲಿಗೂ ಸಾಗಿಸುವಂತಿದ್ದರೆ ಎಂದುಕೊಳ್ಳುತ್ತೇನೆ.

ಅಂದ ಹಾಗೆ, ನನ್ನ ಗುಮಾನಿ ಅರ್ಧ ಮಾತ್ರ ನಿಜವಾಯಿತು. ಮೂರು ವರ್ಷದಲ್ಲಿ ಲಾರಿ ತಪ್ಪಿಸಿಕೊಂಡ ಗುರುವಾರ ನಾಲ್ಕೇ. ಅವುಗಳಲ್ಲಿ ಎರಡು ದಿನ ಚೀಟಿ ಬರೆದಿದ್ದಾರೆ, ಎರಡೂ ನನ್ನ ಕಾರಿನದಲ್ಲ. ಚಿಕ್ಕಪ್ಪನ ಚರಂಡಿಯ ಎರಡನೆಯ ಬಿಲ್ಲು ಪಕ್ಕದ ರಸ್ತೆಯದಂತೆ. “ಹಾಗಾದರೆ ಆ ರಸ್ತೆಯಲ್ಲಿ ಚರಂಡಿ ಎಲ್ಲಿದೆ ಎಂದು ಈಗ ಕೇಳಬೇಕು” ಎಂದರು ಕಳೆದ ಭಾನುವಾರ. ಪೋಸ್ಟಲ್ ಆರ್ಡರಿಗೆ ಮತ್ತೆ ಸಾಲಿನಲ್ಲಿ ನಿಲ್ಲಬೇಕಲ್ಲ ಎಂದೆ. ಒಮ್ಮೆಗೇ ಐದು ಕೊಂಡು, ಬೀರುವಿನಲ್ಲಿ ಪಂಚಾಂಗದ ನಡುವೆ ಇಟ್ಟಿದ್ದಾರಂತೆ.